ಆಫೀಸಿಗೆ ನಾಯಿ: ಮತ ಕೇಳಿದ್ದು ಯಾರನ್ನು?

ಪುಣೆಯ ನಮ್ಮ ಕಚೇರಿಯಲ್ಲಿ ಕೆಲವು ತಿಂಗಳ ಹಿಂದೆ ಇ-ಮೇಲ್ ಮೂಲಕ ಒಂದು ಸಮೀಕ್ಷೆ ನಡೆಯಿತು. ‘ಶುಕ್ರವಾರಗಳಂದು ಸಾಕುನಾಯಿಗಳನ್ನು ಕಚೇರಿಗೆ ಕರೆತರಲು ಅವಕಾಶ ಕೊಡಬಹುದೇ?’ ಎಂಬುದಷ್ಟೇ ಪ್ರಶ್ನೆ. ‘ಹೌದು’ ಅಥವಾ ‘ಇಲ್ಲ’ ಎಂದು ಒತ್ತಬೇಕಿತ್ತು. ಬಹುತೇಕರು ‘ಹೌದು’ ಎಂದರು. ಕೆಲವರು ಅಂದೇ ತಮ್ಮ ನಾಯಿಯ ಫೋಟೊಗಳನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ಸಂಭ್ರಮಿಸಿದರು. ಮಾನವ ಸಂಪನ್ಮೂಲ ವಿಭಾಗದಲ್ಲಿರುವ ನನ್ನ ಪಾಲಿಗೆ ನಿಯಮಾವಳಿ ಬರೆಯುವ ಕೆಲಸ ಬಂತು.

ಮರುದಿನ ಪ್ಯಾಂಟ್ರಿಯಲ್ಲಿ ಚಹಾ ಹಿಡಿದು ನಿಂತಿದ್ದಾಗ ಹೌಸ್‌ಕೀಪಿಂಗ್‌ನ ಮಹಿಳೆಯೊಬ್ಬರು ಹತ್ತಿರ ಬಂದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ‘ಮಾವ್ಶಿ’ ಎಂದೇ ಕರೆಯುತ್ತಾರೆ. ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ನಾನು ಧಾರವಾಡದವಳೆಂದು ಗೊತ್ತಾದ ದಿನದಿಂದ ನನ್ನೊಡನೆ ಕನ್ನಡದಲ್ಲೇ ಮಾತು. “ಅಕ್ಕಾರ, ಆಫೀಸಿಗೆ ನಾಯಿ ತರ್ತಾರಂತಲ್ರಿ, ಖರೇನ? ನಮ್ಮ ಹುಡುಗಗ ಹೊಲದಾಗ ನಾಯಿ ಕಡದಿತ್ತರಿ. ಆವಾಗಿಂದ ಸಣ್ಣ ಮರಿ ಕಂಡ್ರೂ ನನ್ನ ಕೈಕಾಲು ನಡಗತಾವು. ಆಗೂದಿಲ್ಲ ಅಂದ್ರ ನನ್ನ ಬ್ಯಾರೆ ಸೈಟಿಗೆ ಹಾಕ್ತಾರೇನ್ರಿ?” ಎಂದು ಕೇಳಿದರು.

ನನಗೆ ತಕ್ಷಣ ಉತ್ತರ ತೋಚಲಿಲ್ಲ. ಅವರಿಗೆ ಸಮೀಕ್ಷೆಯ ಮೇಲ್ ಹೋಗಿರಲೇ ಇಲ್ಲ. ಅವರು ಗುತ್ತಿಗೆ ಸಂಸ್ಥೆಯ ನೌಕರರು, ಕಂಪನಿಯ ಇ-ಮೇಲ್ ವಿಳಾಸ ಅವರಿಗಿಲ್ಲ. ಹೋಗಿದ್ದರೂ ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ನಾಯಿ ಕಾರ್ಪೆಟ್ ಮೇಲೆ ಗಲೀಜು ಮಾಡಿದರೆ ಒರೆಸಬೇಕಾದವರನ್ನು ಬಿಟ್ಟು ಉಳಿದವರೆಲ್ಲರ ಅಭಿಪ್ರಾಯವನ್ನು ನಾವು ಕೇಳಿದ್ದೆವು.

ಕೆಲಸದ ಜಾಗಕ್ಕೆ ನಾಯಿ ಬರಬಹುದೇ ಎಂಬ ಚರ್ಚೆ ಈಗ ಅನೇಕ ನಗರಗಳಲ್ಲಿ ನಡೆಯುತ್ತಿದೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದವರಲ್ಲಿ ಹಲವರು ಮರಿ ತಂದು ಸಾಕಿದರು. ಇಡೀ ದಿನ ಮನುಷ್ಯರ ಜೊತೆಯಲ್ಲೇ ಬೆಳೆದ ಆ ನಾಯಿಗಳು, ಕಂಪನಿಗಳು ಕಚೇರಿಗೆ ಮರಳಿ ಕರೆದಾಗ ಫ್ಲ್ಯಾಟಿನಲ್ಲಿ ಒಂಟಿಯಾದವು. ಊರಲ್ಲಾಗಿದ್ದರೆ ಅವ್ವ, ಅಪ್ಪ, ಪಕ್ಕದ ಮನೆಯವರು ಯಾರಾದರೂ ನೋಡಿಕೊಳ್ಳುತ್ತಿದ್ದರು. ಪರ ಊರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಅನುಕೂಲವಿಲ್ಲ. ಹೀಗಾಗಿ ಬೇಡಿಕೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಮಾದರಿಯಾಗಿ ಅಮೆರಿಕದ ದೊಡ್ಡ ಕಂಪನಿಗಳನ್ನು ತೋರಿಸುವುದು ವಾಡಿಕೆ. ಅಮೆಜಾನ್‌ನ ಸಿಯಾಟಲ್ ಕಚೇರಿಗಳಿಗೆ ನೌಕರರು ನಾಯಿ ತರುವುದು ಕಂಪನಿಯ ಮೊದಲ ದಿನಗಳಿಂದ ಬಂದ ರೂಢಿ. ಆ ಕಾಲದ ‘ರೂಫಸ್’ ಎಂಬ ಕೋರ್ಗಿ ನಾಯಿಯ ಹೆಸರನ್ನೇ 2024ರಲ್ಲಿ ತನ್ನ ಎಐ ಸಹಾಯಕನಿಗೂ ಅದು ಇಟ್ಟಿತು. ನಾಯಿ ಜೊತೆಗಿದ್ದರೆ ಒತ್ತಡ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಅಧ್ಯಯನದ ಆಧಾರವೂ ಇದೆ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಸಂಶೋಧಕರು ನಾರ್ತ್ ಕೆರೊಲಿನಾದ ಒಂದು ಕಂಪನಿಯಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲೆಡೆ ಉಲ್ಲೇಖವಾಗುತ್ತದೆ. ನಾಯಿ ತಂದವರು ತಾವೇ ಹೇಳಿಕೊಂಡ ಒತ್ತಡ ದಿನ ಕಳೆದಂತೆ ಇಳಿದಿತ್ತು, ನಾಯಿ ತರದವರದ್ದು ಏರಿತ್ತು.

ಆದರೆ ಇದೇ ಅಧ್ಯಯನದಲ್ಲಿ ದೈಹಿಕ ಒತ್ತಡವನ್ನು ಅಳೆದಾಗ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆ ಕಂಪನಿಯಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ನಾಯಿಗಳಿಗೆ ಅವಕಾಶವಿತ್ತು. ನಾಯಿ ಎಂದರೆ ಆಗದವರು ಅಲ್ಲಿ ಕೆಲಸಕ್ಕೆ ಸೇರಿರುವ ಸಾಧ್ಯತೆಯೇ ಕಡಿಮೆ. ಹತ್ತಾರು ಊರು, ಮತ, ಭಾಷೆಗಳ ಜನ ಮೊದಲೇ ಕೂಡಿರುವ ನಮ್ಮ ಕಚೇರಿಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ನಮ್ಮಲ್ಲಿ ನಾಯಿಯ ಭಯಕ್ಕೆ ಗಟ್ಟಿ ಕಾರಣವೂ ಇದೆ. ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಅಂಕಿಅಂಶದಂತೆ 2024ರಲ್ಲಿ ದೇಶದಲ್ಲಿ ದಾಖಲಾದ ನಾಯಿ ಕಡಿತದ ಪ್ರಕರಣಗಳು 37 ಲಕ್ಷಕ್ಕೂ ಹೆಚ್ಚು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಡಿದ ಕೂಡಲೇ ಲಸಿಕೆ ಶುರು ಮಾಡಬೇಕು. ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಬಳದ ರಜೆ ಇರುವ ನನಗೆ ಅದು ನಾಲ್ಕು ಬಾರಿಯ ಕಿರಿಕಿರಿ. ದಿನಗೂಲಿಯ ಲೆಕ್ಕದಲ್ಲಿ ದುಡಿಯುವವರಿಗೆ ಅದು ನಾಲ್ಕು ದಿನದ ಕೂಲಿ. ಸೀಳುತುಟಿ ನಗೆ ಬೀರುವ ಲ್ಯಾಬ್ರಡಾರ್ ‘ಏನೂ ಮಾಡಲ್ಲ’ ಎಂದು ಮಾಲೀಕರು ಹೇಳುವಾಗ ಈ ಲೆಕ್ಕ ಅವರ ಮನಸ್ಸಿಗೆ ಬರುವುದಿಲ್ಲ.

ಭಯದ ಜೊತೆಗೆ ಬೇರೆ ಕಾರಣಗಳೂ ಇವೆ. ಕೆಲವರಿಗೆ ನಾಯಿಯ ಹೊಟ್ಟಿನಿಂದ ಉಬ್ಬಸ ಬರುತ್ತದೆ. ಕೆಲವರಿಗೆ ಧರ್ಮದ ಆಚರಣೆಯಲ್ಲಿ ನಾಯಿಯ ಜೊಲ್ಲು ತಾಗಿದರೆ ಪ್ರಾರ್ಥನೆಗೆ ಮುಂಚೆ ಶುದ್ಧಿಯಾಗಬೇಕು. ಇವರಲ್ಲಿ ಹೆಚ್ಚಿನವರು ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ. ನಾಯಿ ತರುವವರು ಮ್ಯಾನೇಜರ್ ಆಗಿದ್ದರಂತೂ ಮುಗಿದೇ ಹೋಯಿತು. ಅಪ್ರೇಸಲ್ ಬರೆಯುವವರ ನಾಯಿಯನ್ನು ‘ಬೇಡ’ ಎನ್ನುವ ಧೈರ್ಯ ಯಾರಿಗಿದೆ?

ಅಧಿಕಾರ ಮತ್ತು ನಾಯಿ ಸೇರಿದರೆ ಏನಾಗಬಹುದು ಎಂಬುದನ್ನು ದೆಹಲಿ 2022ರಲ್ಲಿ ನೋಡಿತು. ಹಿರಿಯ ಅಧಿಕಾರಿಯೊಬ್ಬರು ನಾಯಿಯನ್ನು ವಾಕಿಂಗ್ ಮಾಡಿಸಲೆಂದು ತ್ಯಾಗರಾಜ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳು ಅಭ್ಯಾಸವನ್ನು ಬೇಗ ಮುಗಿಸಿ ಹೊರಡಬೇಕಾಗುತ್ತಿದೆ ಎಂಬ ದೂರು ಪತ್ರಿಕೆಯಲ್ಲಿ ಬಂತು. ಅಭ್ಯಾಸಕ್ಕೆ ತೊಂದರೆ ಕೊಟ್ಟಿಲ್ಲ ಎಂದು ಅಧಿಕಾರಿ ಹೇಳಿದರು. ಆದರೂ ಕೇಂದ್ರ ಗೃಹ ಸಚಿವಾಲಯ ಅವರನ್ನು ಲಡಾಖ್‌ಗೂ, ಐಎಎಸ್ ಅಧಿಕಾರಿಯೇ ಆಗಿದ್ದ ಅವರ ಪತ್ನಿಯನ್ನು ಅರುಣಾಚಲ ಪ್ರದೇಶಕ್ಕೂ ವರ್ಗ ಮಾಡಿತು. ಆ ಮೈದಾನ ಓಟಗಾರರಿಗೆ ಮತ್ತು ತರಬೇತುದಾರರಿಗೆ ಕೆಲಸದ ಜಾಗವೇ ಆಗಿತ್ತು. ಅವರ ದೂರು ಪತ್ರಿಕೆಯ ತನಕ ತಲುಪಿತು. ಕಚೇರಿಯೊಳಗಿನ ಸಣ್ಣ ಸಣ್ಣ ಅಸಮಾಧಾನಗಳು ಅಲ್ಲಿಯೇ ಉಳಿಯುತ್ತವೆ.

ಇದಕ್ಕೆ ಬೇರೆಯದೇ ಆದ ಉದಾಹರಣೆ ಮುಂಬೈನಲ್ಲಿದೆ. ಟಾಟಾ ಸಮೂಹದ ಮುಖ್ಯ ಕಚೇರಿ ಬಾಂಬೆ ಹೌಸ್ ನವೀಕರಣಗೊಂಡು 2018ರಲ್ಲಿ ಮತ್ತೆ ತೆರೆದಾಗ ನೆಲಮಹಡಿಯಲ್ಲಿ ಬೀದಿನಾಯಿಗಳಿಗೆಂದೇ ಒಂದು ಕೋಣೆ ಸಿದ್ಧವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ರತನ್ ಟಾಟಾ ಅವರ ನಾಯಿಪ್ರೀತಿ ಎಲ್ಲರಿಗೂ ಗೊತ್ತಿರುವಂಥದ್ದು. ಆದರೆ ನಾನು ಗಮನಿಸುವುದು ಅಲ್ಲಿನ ಏರ್ಪಾಟನ್ನು. ಅಲ್ಲಿ ನಾಯಿಗೆ ತನ್ನದೇ ಜಾಗ, ಊಟ, ನೀರು ಇದೆ. ಇನ್ನೊಬ್ಬರ ಕುರ್ಚಿ ಪಕ್ಕ ಅದನ್ನು ಕೂರಿಸಿ ಹೊಂದಿಕೊಳ್ಳಿ ಎನ್ನಬೇಕಾಗಿಲ್ಲ. ಅಲ್ಲಿರುವುದು ಸುತ್ತಲಿನ ಬೀದಿಯ ನಾಯಿಗಳು ಎಂಬುದನ್ನೂ ಮರೆಯಬಾರದು.

ನಮ್ಮ ಕಚೇರಿಗಳಲ್ಲಿ ಇದು ಹೆಚ್ಚಾಗಿ ತಲೆಕೆಳಗು. ಗೇಟಿನ ಬಳಿ ವರ್ಷಗಟ್ಟಲೆ ಮಲಗುವ ಮೂರು ನಾಯಿಗಳಿಗೆ ತನ್ನ ಡಬ್ಬಿಯಿಂದ ಚಪಾತಿ ಹಾಕಿದ ಸೆಕ್ಯುರಿಟಿ ಗಾರ್ಡ್‌ಗೆ ಬೈಗುಳ, ಲಿಫ್ಟಿನಲ್ಲಿ ಏರುವ ಬೀಗಲ್‌ಗೆ ಸ್ವಾಗತ. ಈ ಗೇಟಿನ ನಾಯಿಗಳ ವಿಷಯ ಈಗ ದೇಶದ ದೊಡ್ಡ ಚರ್ಚೆ. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಗಳಲ್ಲಿಡಿ ಎಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರ ಆಗಸ್ಟ್ 11ರಂದು ಹೇಳಿತು. ಹನ್ನೊಂದೇ ದಿನದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಬೇಕು, ರೇಬಿಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡುವಂತಿಲ್ಲ ಎಂಬ ನಿರ್ದೇಶನ ಬಂತು.

ಆ ಪಟ್ಟಿಯಲ್ಲಿ ಖಾಸಗಿ ಕಚೇರಿಗಳಿಲ್ಲ. ಆದರೆ ಶಾಲೆ, ಆಸ್ಪತ್ರೆ, ನಿಲ್ದಾಣಗಳೆಲ್ಲವೂ ಯಾರದೋ ಕೆಲಸದ ಜಾಗಗಳೇ. ನರ್ಸ್, ಶಿಕ್ಷಕಿ, ಕಂಡಕ್ಟರ್, ಕೂಲಿಯಾಳು ಅಲ್ಲಿ ದುಡಿಯುತ್ತಾರೆ. ಅವರಿಗೆ ನಾಯಿಯ ಜೊತೆ ಬಾಳುವುದೋ ಬೇಡವೋ ಎಂಬ ಸಮೀಕ್ಷೆಯನ್ನು ಯಾರೂ ಕಳಿಸಿರಲಿಲ್ಲ. ನಾಯಿಗಳ ಪರ, ವಿರೋಧ ಎಂದು ಎರಡೇ ಬಣ ಮಾಡಿಕೊಂಡು ಟಿವಿಯಲ್ಲಿ ಕೂಗಾಡುವಾಗ ಈ ಅಂಶ ಕಳೆದುಹೋಗುತ್ತದೆ.

ಒಂದು ವ್ಯತ್ಯಾಸವನ್ನು ಇಲ್ಲಿಯೇ ಸ್ಪಷ್ಟ ಮಾಡಬೇಕು. ಕೆಲಸಕ್ಕೆಂದೇ ಬರುವ ನಾಯಿಯ ಮಾತು ಬೇರೆ. ಮೆಟ್ರೊ, ವಿಮಾನ ನಿಲ್ದಾಣಗಳಲ್ಲಿ ಭದ್ರತಾ ಪಡೆಯ ನಾಯಿಗಳು ಡ್ಯೂಟಿ ಮಾಡುತ್ತವೆ. ದೃಷ್ಟಿ ಇಲ್ಲದವರಿಗೆ ದಾರಿ ತೋರಿಸುವ ನಾಯಿ ಅವರ ಕಣ್ಣಿದ್ದ ಹಾಗೆ, ಅದನ್ನು ಬಾಗಿಲಲ್ಲಿ ತಡೆದರೆ ಮನುಷ್ಯನನ್ನೇ ತಡೆದಂತೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಉದ್ಯೋಗದಾತರಿಂದ ಇಂಥ ಸೂಕ್ತ ಅನುಕೂಲವನ್ನೇ ಬಯಸುತ್ತದೆ. ದುಡಿದ ನಾಯಿಗೆ ಮನ್ನಣೆ ಕೊಡುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಗಾಗಿ ಕಲ್ಲು ನಿಲ್ಲಿಸಿದ್ದನ್ನು ಮಂಡ್ಯ ಜಿಲ್ಲೆಯ ಹತ್ತನೇ ಶತಮಾನದ ಆತಕೂರು ಶಾಸನ ಹೇಳುತ್ತದೆ. ಶುಕ್ರವಾರ ಜೊತೆಗಿರಲೆಂದು ತರುವ ಸಾಕುನಾಯಿ ಈ ಸಾಲಿಗೆ ಸೇರುವುದಿಲ್ಲ. ಅದು ಸೌಲಭ್ಯವೇ ಹೊರತು ಹಕ್ಕಲ್ಲ. ಸೌಲಭ್ಯ ಕೊಡುವಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಲೇಬೇಕು.

ಹಾಗಾದರೆ ಪೂರ್ತಿ ನಿಷೇಧಿಸಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಸಮಿತಿ ಮೊದಲ ಸಮೀಕ್ಷೆಯನ್ನು ಬದಿಗಿಟ್ಟು ಎರಡನೆಯದನ್ನು ಕಾಗದದಲ್ಲಿ ಮಾಡಿತು. ಮರಾಠಿ, ಹಿಂದಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಪ್ರಶ್ನೆ ಅಚ್ಚಾಯಿತು. ಹೆಸರು ಬರೆಯಬೇಕಿರಲಿಲ್ಲ. ಗಾರ್ಡ್, ಹೌಸ್‌ಕೀಪಿಂಗ್, ಕ್ಯಾಂಟೀನ್, ಡ್ರೈವರ್‌ಗಳೂ ಚೀಟಿ ಹಾಕಿದರು. ಒಂದು ಮಹಡಿಯಲ್ಲಿ ಒಬ್ಬರೇ ‘ಬೇಡ’ ಎಂದರೂ ಆ ಮಹಡಿಗೆ ನಾಯಿ ಇಲ್ಲ ಎಂದು ಮೊದಲೇ ನಿರ್ಧರಿಸಿದ್ದೆವು.

“ಒಬ್ಬರಿಗಾಗಿ ನೂರು ಜನ ಸುಮ್ಮನಿರಬೇಕಾ?” ಎಂದು ನಾಯಿ ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು. ನಾಯಿ ಇಲ್ಲದ ದಿನ ಮಾಲೀಕರಿಗೆ ಬೇಸರವಾಗಬಹುದು, ಕೆಲಸ ನಿಲ್ಲುವುದಿಲ್ಲ. ನಾಯಿ ಇರುವ ದಿನ ಹೆದರುವವರು ಆ ಕೋಣೆಗೆ ಕಾಲಿಡಲಾರರು, ಉಬ್ಬಸದವರು ಉಸಿರಾಡಲಾರರು. ಎರಡೂ ಕಷ್ಟಗಳು ಸಮನಲ್ಲ, ಹಾಗಾಗಿ ತಲೆ ಎಣಿಸಿ ತೀರ್ಮಾನ ಮಾಡಲಾಗುವುದಿಲ್ಲ.

ಕೊನೆಗೆ ನೆಲಮಹಡಿಯಲ್ಲಿ ತೋಟದ ಕಡೆ ಬಾಗಿಲಿರುವ ಒಂದು ಕೋಣೆಯನ್ನು ಗುರುತಿಸಿದೆವು. ತಿಂಗಳಿಗೊಂದು ಶುಕ್ರವಾರ ನಾಯಿ ತರುವವರು ಅಲ್ಲೇ ಕುಳಿತು ಕೆಲಸ ಮಾಡಬಹುದು. ರೇಬಿಸ್ ಲಸಿಕೆಯ ಪ್ರಮಾಣಪತ್ರ, ಪಾಲಿಕೆಯ ಪರವಾನಗಿ ಕಡ್ಡಾಯ. ಜನ ಓಡಾಡುವ ಲಿಫ್ಟ್, ಪ್ಯಾಂಟ್ರಿ, ಕ್ಯಾಂಟೀನ್‌ಗೆ ಪ್ರವೇಶವಿಲ್ಲ. ಗಲೀಜು ಮಾಡಿದರೆ ಮಾಲೀಕರೇ ಸ್ವಚ್ಛಗೊಳಿಸಬೇಕು, ಹೌಸ್‌ಕೀಪಿಂಗ್‌ನವರನ್ನು ಕರೆಯುವಂತಿಲ್ಲ. ಕಡಿದರೆ ಅಥವಾ ಪರಚಿದರೆ ಚಿಕಿತ್ಸೆಯ ಖರ್ಚು ಮಾಲೀಕರದ್ದು. ಲಸಿಕೆಗೆ ಹೋಗುವ ಅಷ್ಟೂ ದಿನ ಗುತ್ತಿಗೆ ನೌಕರರಿಗೂ ಸಂಬಳ ಕಡಿತವಿಲ್ಲ. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಎಂಬುದನ್ನೂ ನಿಯಮಾವಳಿಯಲ್ಲಿ ಬರೆದೆವು. ಅದನ್ನು ಓದಿದ ಮೇಲೆ ಅರ್ಜಿಗಳ ಸಂಖ್ಯೆ ತಾನಾಗಿಯೇ ಇಳಿಯಿತು.

ನಾಯಿಯ ಕಡೆಯಿಂದಲೂ ಒಂದು ಮಾತು. ಎಸಿ ಹಾಕಿದ ಗಾಜಿನ ಕಟ್ಟಡ, ಅಪರಿಚಿತರ ಕೈಗಳು, ಎಡೆಬಿಡದ ಫೋನ್ ಸದ್ದು ಎಲ್ಲ ನಾಯಿಗೂ ಹಿತವಲ್ಲ. ಬಾಲ ಮುದುರಿಕೊಂಡು ಮೇಜಿನಡಿ ಸೇರುವ ನಾಯಿ ತನ್ನ ಚೀಟಿಯನ್ನು ಆಗಲೇ ಹಾಕಿರುತ್ತದೆ. ಅಂಥದ್ದನ್ನು ಮನೆಗೆ ಕಳಿಸಬೇಕು ಎಂಬ ನಿಯಮವೂ ಸೇರಿತು.

ಗೇಟಿನ ಮೂರು ನಾಯಿಗಳಿಗೆ ಸ್ಥಳೀಯ ಸ್ವಯಂಸೇವಕರ ನೆರವಿನಿಂದ ಲಸಿಕೆ, ಶಸ್ತ್ರಚಿಕಿತ್ಸೆ ಎರಡೂ ಆಗಿವೆ. ಊಟ ಹಾಕಲು ಪಾರ್ಕಿಂಗ್‌ನಾಚೆ ಜಾಗ ಗೊತ್ತು ಮಾಡಿದ್ದೇವೆ. ಗಾರ್ಡ್‌ಗೆ ಈಗ ಯಾರೂ ಬೈಯುವುದಿಲ್ಲ. ಎಲ್ಲರೂ ಖುಷಿಯಾಗಿದ್ದಾರೆ ಎಂದು ಹೇಳಲಾರೆ. ತಿಂಗಳಿಗೆ ಒಂದೇ ದಿನವೇ ಎಂದು ಗೊಣಗುವವರು ಇದ್ದಾರೆ, ಅದೂ ಯಾಕೆ ಬೇಕಿತ್ತು ಎನ್ನುವವರೂ ಇದ್ದಾರೆ.

ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲೇ ಇರಿ, ನಿಮ್ಮ ಕಚೇರಿಗೂ ಇಂಥ ಸಮೀಕ್ಷೆ ಬರಬಹುದು. ‘ಹೌದು’ ಒತ್ತುವ ಮುನ್ನ ನೆಲ ಒರೆಸುವವರಿಗೂ ಅದು ಹೋಗಿದೆಯೇ ಎಂದು ಕೇಳಿ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಮೆಗೆ ಬಂದ ನಮ್ಮವರು ಎಷ್ಟೋ ಕಟ್ಟಡಗಳಲ್ಲಿ ಇದ್ದಾರೆ. ಅವರೊಡನೆ ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಸಮೀಕ್ಷೆಯಲ್ಲಿ ಸಿಗದ ಉತ್ತರ ಸಿಗುತ್ತದೆ.

ಮಾವ್ಶಿ ಈಗಲೂ ನಮ್ಮ ಮಹಡಿಯಲ್ಲೇ ಇದ್ದಾರೆ. ನಾಯಿ ಬರುವ ಶುಕ್ರವಾರ ನೆಲಮಹಡಿಯ ಕಡೆ ಅವರಿಗೆ ಡ್ಯೂಟಿ ಹಾಕುವುದಿಲ್ಲ. ಅದನ್ನು ಮೇಲ್ವಿಚಾರಕರ ಹಾಳೆಯಲ್ಲಿ ಬರೆಸಿಯೇ ಇಟ್ಟಿದ್ದೇವೆ, ಬಾಯಿಮಾತಿಗೆ ಬಿಟ್ಟಿಲ್ಲ.