ಬಾಡಿಗೆ ಹೇಳುವ ಬೆಲೆ

ನಿವೃತ್ತಿಯ ಹಣ ಕೈಗೆ ಬಂದ ಕೂಡಲೇ ನೆಂಟರಿಷ್ಟರು ಕೊಡುವ ಮೊದಲ ಸಲಹೆ: ‘ಬೆಂಗಳೂರಲ್ಲೊಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಕೊಟ್ಟುಬಿಡಿ, ತಿಂಗಳು ತಿಂಗಳು ದುಡ್ಡು ಬರುತ್ತೆ.’ ಸಲಹೆಯ ಹಿಂದೆ ಒಳ್ಳೆಯ ಮನಸ್ಸೇ ಇದೆ. ಆದರೆ ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡಹೊರಟವರ ಜೊತೆ ಕೂತು ಲೆಕ್ಕ ಹಾಕುವವರು ಕಡಿಮೆ.

80 ಲಕ್ಷ ರೂಪಾಯಿಯ, ವಾಸಕ್ಕೆ ಸಿದ್ಧವಿರುವ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದಿಟ್ಟುಕೊಳ್ಳೋಣ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್, ಸರ್‌ಚಾರ್ಜ್ ಕೂಡಿದರೆ ಶೇ. 5.6. ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿತು. ಬೀಗದ ಕೈ ಸಿಗುವಷ್ಟರಲ್ಲಿ 86 ಲಕ್ಷ ಆಯಿತು. ಬಾಡಿಗೆ ತಿಂಗಳಿಗೆ 25 ಸಾವಿರ, ವರ್ಷಕ್ಕೆ 3 ಲಕ್ಷ. ಅದರಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 25 ಸಾವಿರ ಹೋಯಿತು. ಆಸ್ತಿ ತೆರಿಗೆಗೆ 10 ಸಾವಿರ, ಸುಣ್ಣಬಣ್ಣ, ನಲ್ಲಿ, ಗೀಸರ್, ದಲ್ಲಾಳಿ ಎಂದು ಇನ್ನೊಂದು 25 ಸಾವಿರ ತೆಗೆದಿಟ್ಟರೆ ಉಳಿಯುವುದು 2 ಲಕ್ಷ 40 ಸಾವಿರ. ಹಾಕಿದ ಹಣಕ್ಕೆ ಶೇ. 2.8ರಷ್ಟು, ಆದಾಯ ತೆರಿಗೆ ಇನ್ನೂ ಬಾಕಿ.

ಸಾಲ ಮಾಡಿ ಕೊಂಡವರ ಪಾಡು ಇನ್ನೂ ಬಿಗಿ. 60 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 52 ಸಾವಿರ. ಬಾಡಿಗೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ‘ಬಾಡಿಗೆಯೇ ಕಂತು ಕಟ್ಟುತ್ತೆ’ ಎಂದು ನಂಬಿ ಸಹಿ ಹಾಕಿದ ಎಳೆಯ ಸಂಸಾರಗಳ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ.

ಇದಕ್ಕೆ ಸಿಗುವ ಉತ್ತರ ಒಂದೇ: ಬೆಲೆ ಏರುತ್ತದಲ್ಲ! ಏರುವುದು ಯಾವುದು ಎಂದು ಕೇಳಿಕೊಳ್ಳಬೇಕು. ಗೋಡೆ, ಪೈಪು, ಲಿಫ್ಟು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ. ಏರುವುದು ನೆಲ. ಫ್ಲ್ಯಾಟ್ ಕೊಂಡವರ ಪಾಲಿಗೆ ಬರುವುದು ಆ ನೆಲದ ಒಂದು ಅವಿಭಾಜ್ಯ ಹಿಸ್ಸೆ. ಎತ್ತರದ ಕಟ್ಟಡವಾದಷ್ಟೂ ಅದು ಚಿಕ್ಕದು. ಬಾಡಿಗೆ ಇವತ್ತಿನ ಆದಾಯ, ಬೆಲೆಯೇರಿಕೆ ನಾಳೆಯ ಆಸೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆದು ಕೂಡಿಸುವುದರಿಂದಲೇ ಲೆಕ್ಕ ತಪ್ಪುತ್ತದೆ. ಬಾಡಿಗೆ, ಖರ್ಚು ಎರಡೂ ಒಂದೇ ಸಮ ಇರುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಐಟಿಯವರು ಊರಿಗೆ ಮರಳಿ ಮನೆಗಳು ಖಾಲಿಯಾದವು. ಎರಡೇ ವರ್ಷದಲ್ಲಿ ಅವರು ತಿರುಗಿ ಬಂದಾಗ ಬಾಡಿಗೆ ಗಗನಕ್ಕೇರಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಬಡಾವಣೆಗಳು ಟ್ಯಾಂಕರಿಗೆ ಕಾದು ನಿಂತವು. ಇಂಥ ಏರಿಳಿತ ತಡೆದುಕೊಳ್ಳಬೇಕಾದರೆ ಬಾಡಿಗೆಯೊಂದರಿಂದಲೇ ಖರ್ಚು ನೀಗಬೇಕು.

ನಮ್ಮ ಹಿರಿಯರು ಮಾಡಿದ ಒಂದು ಕೆಲಸ ಈ ಲೆಕ್ಕದಲ್ಲಿ ಗೆಲ್ಲುತ್ತದೆ. 30×40 ಸೈಟಿನಲ್ಲಿ ತಾವು ಕೆಳಗಿದ್ದು, ಕೈಯಲ್ಲಿ ಹಣ ಕೂಡಿದಾಗ ಮೇಲೊಂದು ಮನೆ ಕಟ್ಟಿದರು. ಹೊಸದಾಗಿ ನೆಲ ಕೊಳ್ಳುವ ಖರ್ಚಿಲ್ಲ. ಈಗಲೂ 20 ಲಕ್ಷದಲ್ಲಿ ಮಹಡಿ ಎದ್ದು 15 ಸಾವಿರ ಬಾಡಿಗೆ ಬಂದರೆ, ಖರ್ಚು ಕಳೆಯುವ ಮೊದಲು, ವರ್ಷಕ್ಕೆ ಶೇ. 9. ಕೆಳಗೇ ಇರುವುದರಿಂದ ಸೋರುವ ನಲ್ಲಿಯೂ ಕಣ್ಣಿಗೆ ಬೀಳುತ್ತದೆ. ಅಡಿಪಾಯ ತಾಳಬೇಕು, ನಕ್ಷೆಗೆ ಮಂಜೂರಾತಿ ಇರಬೇಕು ಎನ್ನುವುದನ್ನು ಮಾತ್ರ ಮರೆಯಬಾರದು. ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಕರೆಂಟಿಗಾಗಿ ಕಾಯಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಬಾಡಿಗೆದಾರರನ್ನು. ಜಾತಿ ಕೇಳಿ, ಊಟ ಕೇಳಿ, ಮದುವೆಯಾಗಿದೆಯೇ ಎಂದು ಕೇಳಿ ಬಂದವರನ್ನೆಲ್ಲ ವಾಪಸು ಕಳಿಸುವ ಮಾಲೀಕರಿದ್ದಾರೆ. ಅದು ಅನ್ಯಾಯ, ಜೊತೆಗೆ ಖಾಲಿ ಉಳಿಯುವ ಪ್ರತಿ ತಿಂಗಳೂ ವರ್ಷದ ಬಾಡಿಗೆಯ ಹನ್ನೆರಡರಲ್ಲೊಂದು ಪಾಲನ್ನು ಕಳೆಯುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಎರಡು ಸಾವಿರ ಏರಿಸಿದರೆ ವರ್ಷಕ್ಕೆ ಸಿಗುವುದು 24 ಸಾವಿರ. ಮನೆಯನ್ನು ಸ್ವಂತದ್ದೆಂಬಂತೆ ನೋಡಿಕೊಂಡ ಸಂಸಾರ ಆ ಎರಡು ಸಾವಿರಕ್ಕಾಗಿ ಬಿಟ್ಟುಹೋಗಿ ಮನೆ ಒಂದೇ ತಿಂಗಳು ಖಾಲಿ ಉಳಿದರೂ ಹೋಗುವುದು 25 ಸಾವಿರ, ಪೇಂಟಿಂಗ್ ಖರ್ಚು ಬಿಟ್ಟು.