ಕಿರೀಟಕ್ಕೆ ಮೊದಲು ಮಾತು

ಯಕ್ಷಗಾನ ಕಲಿಸುವುದೆಂದರೆ ಕುಣಿತ ಕಲಿಸುವುದು ಎಂಬ ತಪ್ಪು ತಿಳಿವಳಿಕೆ ನಮ್ಮ ಕಾಸರಗೋಡಿನಲ್ಲಿ ದಿನೇ ದಿನೇ ಬಲವಾಗುತ್ತಿದೆ. ಇದನ್ನು ಈಗಲೇ ಖಂಡಿಸದಿದ್ದರೆ ನಾಳೆ ನಮ್ಮ ಮಕ್ಕಳ ತಲೆಯ ಮೇಲೆ ಕಿರೀಟ ಉಳಿದೀತು, ನಾಲಗೆಯ ಮೇಲೆ ಕನ್ನಡ ಉಳಿಯದು.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅದು ನಮ್ಮ ಕಲೆಗೆ ದೊರೆತ ಮನ್ನಣೆ. ಅದನ್ನು ನಾವು ದೂರುವುದಿಲ್ಲ. ದೂರಬೇಕಾದದ್ದು ಅದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ನಮ್ಮ ಕ್ರಮವನ್ನು. ಸ್ಪರ್ಧೆಗೆ ಎರಡು ತಿಂಗಳಿರುವಾಗ ಗುರುಗಳನ್ನು ಹುಡುಕುತ್ತೇವೆ. ಅವರು ಅರ್ಥವನ್ನು ಕಾಗದದಲ್ಲಿ ಬರೆದುಕೊಡುತ್ತಾರೆ, ಮಗು ಉರು ಹೊಡೆಯುತ್ತದೆ. ಕನ್ನಡ ಓದಲು ಬಾರದ ಮಗು ಅದೇ ಅರ್ಥವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮಲಯಾಳ ನಮಗೆ ಪರಕೀಯವಲ್ಲ, ನೆರೆಮನೆಯ ನುಡಿ. ಆದರೆ ತಾನಾಡುವ ಮಾತು ತನಗೇ ತಿಳಿಯದವನನ್ನು ನಟನೆನ್ನಬಹುದೆ?

ಈ ದೋಷದಿಂದ ನಮ್ಮನ್ನೂ ನಾವು ಹೊರಗಿಡುವುದಿಲ್ಲ. ಮುಖ್ಯೋಪಾಧ್ಯಾಯರಾಗಿದ್ದಾಗ ಬಹುಮಾನದ ಆಸೆಯಿಂದ ನಾವೂ ಹೀಗೆಯೇ ಮಾಡಿಸಿದ್ದೇವೆ. ಒಂದು ವರ್ಷ ವಾಲಿಯ ವೇಷ ಕಟ್ಟಿದ ಹುಡುಗ ರಂಗದ ನಡುವೆ ಒಂದು ವಾಕ್ಯ ಮರೆತ. ರಾಮ ಕಾದು ನಿಂತ. ಭಾಗವತರು ಪದ್ಯವನ್ನು ಮತ್ತೊಮ್ಮೆ ಎತ್ತಿಕೊಟ್ಟರು. ಹುಡುಗನಿಗೆ ಕಥೆ ಗೊತ್ತಿತ್ತು; ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಅನ್ಯಾಯವೆಂಬುದೂ ಗೊತ್ತಿತ್ತು. ಅದನ್ನು ಕೇಳಲು ಅವನಲ್ಲಿ ಸ್ವಂತದ ಒಂದು ವಾಕ್ಯವಿರಲಿಲ್ಲ. ಬಹುಮಾನ ತಪ್ಪಿತೆಂದು ಅವನು ಅತ್ತ. ವರ್ಷಗಟ್ಟಲೆ ನಮ್ಮ ಶಾಲೆಗೆ ಬಂದವನಿಗೆ ಒಂದು ಪ್ರಶ್ನೆ ಕೇಳುವಷ್ಟು ಕನ್ನಡವನ್ನು ಕೊಡಲಿಲ್ಲವಲ್ಲ ಎಂದು ನಾವು ನಾಚಿದೆವು.

ಯಕ್ಷಗಾನದ ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಕಲಾವಿದನದು. ಅದೇ ಪದ್ಯಕ್ಕೆ ನಿನ್ನೆಯ ವಾಲಿ ಒಂದು ಬಗೆಯಾಗಿ, ಇಂದಿನ ವಾಲಿ ಇನ್ನೊಂದು ಬಗೆಯಾಗಿ ವಾದಿಸಬಹುದು. ಈ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಬಣ್ಣ ಮತ್ತು ಧೀಂಗಿಣ. ಮಾತೇ ನಾಟ್ಯದ ಶರೀರವೆಂದು ಭರತಮುನಿ ಹೇಳಿದ್ದಾನೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದವರು, ಇದನ್ನು ಮರೆತರೆ ನೆನಪಿಸುವವರು ಯಾರು?

ಹಿಂದೆ ಮೇಳಕ್ಕೆ ಸೇರಿದ ಹುಡುಗ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸುತ್ತಿದ್ದ. ರಾತ್ರಿಯಿಡೀ ಹಿರಿಯರ ಅರ್ಥ ಕೇಳುತ್ತಿದ್ದ. ತಾಳ ಕಿವಿಗೆ ಹತ್ತಿ, ಹೆಜ್ಜೆ ಕಾಲಿಗೆ ಕೂತ ಮೇಲೆ ಸಣ್ಣ ಪಾತ್ರ, ನಾಲ್ಕು ಮಾತು. ದೊಡ್ಡ ವೇಷಕ್ಕೆ ವರ್ಷಗಳೇ ಕಾಯಬೇಕಿತ್ತು. ಹಳೆಯದೆಲ್ಲ ಹೊನ್ನೆಂದು ನಾವು ಹೇಳುತ್ತಿಲ್ಲ. ನಿದ್ದೆಗೆಟ್ಟು ಶಾಲೆ ಬಿಟ್ಟ ಬಾಲಕರ ಕಷ್ಟವನ್ನು ಬಲ್ಲೆವು. ಅದು ಮರಳಿ ಬರಬೇಕಿಲ್ಲ. ಆದರೆ ಕಿವಿ, ಕಾಲು, ನಾಲಗೆ ಎಂಬ ಆ ಅನುಕ್ರಮ ಸರಿಯಾಗಿತ್ತು. ಇಂದು ಕಿರೀಟವೇ ಮೊದಲ ಪಾಠವಾಗಿದೆ.

‘ಬಹುಮಾನವಿಲ್ಲದಿದ್ದರೆ ಮಕ್ಕಳು ಬರುವುದಿಲ್ಲ, ಬಾಯಿಪಾಠವಿಲ್ಲದಿದ್ದರೆ ಬಹುಮಾನ ಬರುವುದಿಲ್ಲ’ ಎನ್ನುವ ಪೋಷಕರಿದ್ದಾರೆ. ಅವರ ಚಿಂತೆ ಸುಳ್ಳಲ್ಲ. ಆದರೆ ಬಹುಮಾನಕ್ಕಾಗಿ ಬಂದ ಮಗು ಬಹುಮಾನ ಪಡೆದ ಮರುದಿನ ಗೆಜ್ಜೆ ಬಿಚ್ಚಿಡುತ್ತದೆ. ಹಾಗೆ ಗೆದ್ದವರಲ್ಲಿ ಎಷ್ಟು ಮಂದಿ ಇಂದು ತಾಳಮದ್ದಳೆಯ ಕೂಟದಲ್ಲಿ ಕುಳಿತು ಅರ್ಥ ಹೇಳುತ್ತಿದ್ದಾರೆ? ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಎಣಿಸಿ ನೋಡಲಿ.

ನಮ್ಮ ಸಂಘಗಳು ಮಾಡಬಹುದಾದ ಕೆಲಸ ದೊಡ್ಡದಲ್ಲ, ಖರ್ಚಿನದೂ ಅಲ್ಲ. ತಾಳಮದ್ದಳೆಗೆ ವೇಷ ಬೇಡ, ರಂಗಸ್ಥಳ ಬೇಡ. ತಿಂಗಳಿಗೊಮ್ಮೆ ಒಬ್ಬೊಬ್ಬ ಸದಸ್ಯರ ಮನೆಯ ಚಾವಡಿಯಲ್ಲಿ ಮಕ್ಕಳ ಕೂಟ ನಡೆಯಲಿ. ಒಂದು ಮಗುವಿಗೆ ಒಂದೇ ಪದ್ಯ. ಗುರುಗಳು ಅರ್ಥ ಬರೆದುಕೊಡದೆ ಪ್ರಶ್ನೆ ಕೇಳಲಿ: ವಾಲಿಗೆ ಸಿಟ್ಟು ಯಾರ ಮೇಲೆ, ರಾಮನ ಮೇಲೋ, ತಮ್ಮನ ಮೇಲೋ? ಮಗು ಮೊದಲು ಮನೆಮಾತಿನಲ್ಲೇ, ತುಳುವಾದರೆ ತುಳು, ಮಲಯಾಳವಾದರೆ ಮಲಯಾಳದಲ್ಲೇ ಉತ್ತರಿಸಲಿ. ಬಳಿಕ ಅದನ್ನೇ ಕನ್ನಡದಲ್ಲಿ ಹೇಳಲಿ. ತಪ್ಪಿದರೆ ಯಾರೂ ನಗಬಾರದು. ವರ್ಷದ ಕೊನೆಗೆ ಆ ಮಗು ಸ್ವಂತದ ಹತ್ತು ವಾಕ್ಯ ಆಡಿದರೆ ಆಗ ಗೆಜ್ಜೆ ಕಟ್ಟೋಣ.

1956ರ ನವೆಂಬರ್ 1ರಿಂದ ಈಚೆಗೆ ನಾವು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಮನವಿಯನ್ನು ಒಬ್ಬರು ಬರೆದು ನೂರು ಮಂದಿ ಸಹಿ ಹಾಕಬಹುದು. ಅರ್ಥವನ್ನು ಹಾಗೆ ಹೇಳಲಾಗದು, ಅವರವರೇ ಹೇಳಬೇಕು. ಬಿದ್ದಲ್ಲಿಂದಲೇ ಬಿಲ್ಲುಗಾರನ ಮುಖ ನೋಡಿ ನ್ಯಾಯ ಕೇಳಿದವನು ವಾಲಿ. ಅಷ್ಟು ಕನ್ನಡ ನಮ್ಮ ಮಕ್ಕಳ ಬಾಯಲ್ಲಿರಲಿ. ಆಮೇಲೆ ಕಿರೀಟ ಇಡೋಣ.