ಬೀಗದ ಕೈ ಯಾರಲ್ಲಿದೆ?

ಕೆಲವು ತಿಂಗಳ ಹಿಂದೆ ನಮ್ಮ ಊರಿನ ಬಸದಿಯ ಟ್ರಸ್ಟಿನ ಸಭೆಯೊಂದರಲ್ಲಿ, ಗ್ರಂಥಭಂಡಾರದ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಇಡಲು ಯಾವ ತಂತ್ರಾಂಶವನ್ನು ಕೊಳ್ಳಬೇಕೆಂಬ ಪ್ರಶ್ನೆ ಚರ್ಚೆಗೆ ಬಂದಿತು. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವುದೇ ನನ್ನ ವೃತ್ತಿಯಾದುದರಿಂದ ನನ್ನ ಅಭಿಪ್ರಾಯವನ್ನೂ ಕೇಳಿದರು. ಕೊಳ್ಳುವುದು ಬೇಡ, ಮುಕ್ತ ತಂತ್ರಾಂಶವೊಂದನ್ನು ಬಳಸೋಣ ಎಂದೆ. ಸಭೆಯಲ್ಲಿದ್ದ ಪೂಜ್ಯ ಹಿರಿಯರೊಬ್ಬರು ನಸುನಕ್ಕು, "ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯೆಲ್ಲಿ ಬಂತಪ್ಪಾ? ನಾಲ್ಕು ಕಾಸು ಕೊಟ್ಟು ತಂದರೆ ನಾಳೆ ಕೆಟ್ಟಾಗ ಕೇಳುವುದಕ್ಕೆ ಒಬ್ಬ ಧಣಿಯಾದರೂ ಇರುತ್ತಾನೆ" ಎಂದರು. ಸಭೆ ತಲೆದೂಗಿತು. ಹಿರಿಯರಿಗೆ ಎದುರಾಡುವುದು ಸಲ್ಲದೆಂದು ಆ ದಿನ ಸುಮ್ಮನಾದೆ. ಆದರೆ ಆ ಮಾತಿನಲ್ಲಿ ಹೆಣೆದುಕೊಂಡಿರುವ ತಪ್ಪು ತಿಳಿವಳಿಕೆ ಅವರೊಬ್ಬರದಲ್ಲ. ನಮ್ಮ ಬಹುಪಾಲು ಸಂಸ್ಥೆಗಳಲ್ಲಿಯೂ ಮನೆಗಳಲ್ಲಿಯೂ ಅದು ಬೇರೂರಿದೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಮಾತು ಖಾರವಾದರೆ ಹಿರಿಯರು ಮನ್ನಿಸಬೇಕು.

'ಮುಕ್ತ' ಎಂಬುದಕ್ಕೂ 'ಪುಕ್ಕಟೆ' ಎಂಬುದಕ್ಕೂ ಇರುವ ನಂಟು ಬಹಳ ತೆಳುವಾದುದು. ಕ್ರಮವಿಧಿ ಎಂಬುದು ಮನುಷ್ಯನು ಬರೆದ ಒಂದು ಬರಹವೇ. ಬಲ್ಲವರು ಅದನ್ನು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕಲಿಸಬಹುದು. ಇದನ್ನು ಮೂಲಸಂಕೇತವೆನ್ನುತ್ತಾರೆ. ಯಂತ್ರವು ನಡೆಸುವಂತಾಗಲು ಅದನ್ನು ಸೊನ್ನೆ, ಒಂದುಗಳ ಸಾಲಾಗಿ ಮಾರ್ಪಡಿಸಲಾಗುತ್ತದೆ. ಆ ರೂಪವು ಯಂತ್ರಕ್ಕೆ ಸುಗಮ, ಮನುಷ್ಯನಿಗೆ ಕಗ್ಗ. ವ್ಯಾಪಾರಿಯು ಸಾಮಾನ್ಯವಾಗಿ ನಮಗೆ ಕೊಡುವುದು ಈ ಎರಡನೆಯ ರೂಪವನ್ನು ಮಾತ್ರ. ಅದನ್ನಾದರೂ ಮಾರುತ್ತಾನೆಯೇ? ಇಲ್ಲ, ಬಳಸಲು ಅನುಮತಿ ಕೊಡುತ್ತಾನೆ. ಬಿಚ್ಚಿ ನೋಡಬಾರದು, ತಿದ್ದಬಾರದು, ನೆರೆಯವನಿಗೆ ಕೊಡಬಾರದು ಎಂಬ ನಿಬಂಧನೆಗಳಿಗೆ ನಾವು ಓದದೆಯೇ ಒಪ್ಪಿಗೆ ಒತ್ತಿರುತ್ತೇವೆ. ಹಿರಿಯರು ಹೇಳಿದ 'ಧಣಿ' ನಿಜಕ್ಕೂ ಇದ್ದಾನೆ. ಆದರೆ ಅವನು ಧಣಿಯಾಗಿರುವುದು ನಮ್ಮ ಮೇಲೆ.

1980ರ ಸುಮಾರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಜೆರಾಕ್ಸ್ ಕಂಪನಿಯ ಹೊಸ ಮುದ್ರಕವೊಂದು ಬಂದಿತು. ಹಳೆಯ ಮುದ್ರಕದಲ್ಲಿ ಕಾಗದ ಸಿಕ್ಕಿಕೊಂಡರೆ, ಅಚ್ಚಿಗಾಗಿ ಕಾದವರಿಗೆಲ್ಲ ಸೂಚನೆ ಹೋಗುವಂತೆ ರಿಚರ್ಡ್ ಸ್ಟಾಲ್ಮನ್ ಎಂಬ ಕ್ರಮವಿಧಿಕಾರರು ವ್ಯವಸ್ಥೆ ಮಾಡಿದ್ದರು. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ಅದರ ಮೂಲಸಂಕೇತ ಅವರ ಕೈಗೆ ಸಿಗಲಿಲ್ಲ. ಅದನ್ನು ಹೊಂದಿದ್ದ ಬೇರೊಂದು ವಿಶ್ವವಿದ್ಯಾಲಯದ ವಿದ್ವಾಂಸರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆಂಬ ಉತ್ತರ ಬಂದಿತು. ಒಂದು ಮುದ್ರಕದ ವಿಷಯ, ಅಲ್ಪ ಸಂಗತಿಯೆಂದು ತಳ್ಳಿಹಾಕಬಹುದಾಗಿತ್ತು. ಸ್ಟಾಲ್ಮನ್ನರು ಹಾಗೆ ಮಾಡಲಿಲ್ಲ. ಬಲ್ಲವನು ಬೇಡಿದವನಿಗೆ ಬಲ್ಲುದನ್ನು ಕೊಡಬಾರದೆಂದು ಕರಾರು ಮಾಡಿಸುವ ಲೋಕದಲ್ಲಿ ತಾವು ಪಾಲುಗೊಳ್ಳುವುದಿಲ್ಲವೆಂದು ನಿಶ್ಚಯಿಸಿ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. 1989ರಲ್ಲಿ ಅವರು ಹೊರತಂದ ಪರವಾನಗಿಪತ್ರವು ಕಾನೂನಿನ ಚಮತ್ಕಾರವೇ ಸರಿ. ಬಳಸು, ಓದಿ ನೋಡು, ತಿದ್ದು, ಹಂಚು; ತಿದ್ದಿದ್ದನ್ನು ಹಂಚುವುದಾದರೆ ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡು ಎಂಬುದು ಅದರ ಸಾರ. ಬೆಲೆ ಪಡೆಯಬಾರದೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಪಡೆದವನು ತಾನೂ ದಾನಿಯಾಗಲೇಬೇಕೆಂಬ ಇಂತಹ ದಾನವನ್ನು ನಮ್ಮ ದತ್ತಿಪತ್ರಗಳಲ್ಲಿ ನಾನು ಕಂಡಿಲ್ಲ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಯಂತ್ರಕ್ಕಾಗಿ ಬರೆದುಕೊಂಡ ಲಿನಕ್ಸ್ ಮರುವರ್ಷ ಇದೇ ಪರವಾನಗಿಯ ಅಡಿಯಲ್ಲಿ ಬಂದಿತು. ಜಗತ್ತಿನ ಅತ್ಯಂತ ವೇಗದ ಐನೂರು ಗಣಕಯಂತ್ರಗಳೆಲ್ಲವೂ 2017ರಿಂದೀಚೆಗೆ ಲಿನಕ್ಸನ್ನೇ ಆಶ್ರಯಿಸಿವೆ. ಪುಕ್ಕಟೆಯದಕ್ಕೆ ಬೆಲೆಯಿಲ್ಲವೆಂದ ಹಿರಿಯರ ಜೇಬಿನಲ್ಲಿದ್ದ ಆಂಡ್ರಾಯ್ಡ್ ದೂರವಾಣಿಯ ಒಡಲಲ್ಲಿಯೂ ಇರುವುದು ಅದೇ. ಇದನ್ನು ಅಂದೇ ಹೇಳಬಹುದಾಗಿತ್ತು, ಹೇಳಲಿಲ್ಲ.

ಗ್ರಂಥಭಂಡಾರದ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಪ್ರಾಂತದಲ್ಲಿಯೂ ಒಂದು ಗ್ರಂಥಾಲಯ ಟ್ರಸ್ಟ್ ಇತ್ತು. 1999ರಲ್ಲಿ ಅವರ ಹಳೆಯ ತಂತ್ರಾಂಶವು 2000ನೆಯ ಇಸವಿಯ ದಿನಾಂಕವನ್ನು ತಾಳಲಾರದೆಂದು ತಿಳಿದುಬಂದಿತು. ಹೊಸದನ್ನು ಕೊಂಡು ಮತ್ತೊಬ್ಬ ಧಣಿಯನ್ನು ಹುಡುಕಿಕೊಳ್ಳುವ ಬದಲು ಅವರು ಸ್ಥಳೀಯ ಕ್ರಮವಿಧಿಕಾರರಿಗೆ ಹಣ ಕೊಟ್ಟು ಹೊಸದಾಗಿ ಬರೆಯಿಸಿದರು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ನಿಂತಿತು. ಬಳಿಕ ಅವರು ಅದನ್ನು ಸ್ಟಾಲ್ಮನ್ನರ ಪರವಾನಗಿಯ ಅಡಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ಕೋಹಾ. ಮಾವೊರಿ ಜನರ ಭಾಷೆಯಲ್ಲಿ ಕಾಣಿಕೆ ಎಂದರ್ಥ, ಪಡೆದವನು ಒಂದಲ್ಲ ಒಂದು ದಿನ ಮರಳಿ ಕೊಡುವನೆಂಬ ಭಾವವೂ ಆ ಮಾತಿನಲ್ಲಿದೆಯಂತೆ. ಇಂದು ಭಾರತದ ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೋಹಾದಲ್ಲಿ ನಡೆಯುತ್ತಿವೆ. ಸಭೆಯಲ್ಲಿ ನಾನು ಹೆಸರಿಸಿದ್ದು ಇದನ್ನೇ. ಒಂದು ಸಣ್ಣ ಟ್ರಸ್ಟ್ ತನ್ನ ಹಣದಿಂದ ಮಾಡಿಸಿ ಜಗತ್ತಿಗೆ ಕೊಟ್ಟ ಕಾಣಿಕೆಯನ್ನು ಇನ್ನೊಂದು ಸಣ್ಣ ಟ್ರಸ್ಟ್ ಅಗ್ಗದ ಸರಕೆಂದು ಬದಿಗಿರಿಸಿತು.

ಇನ್ನು ಕಾಸು ಕೊಟ್ಟು ತಂದದ್ದರ ಕಥೆ. ನಮ್ಮದೇ ಭಂಡಾರದ ಹಿಂದಿನ ಪಟ್ಟಿಯನ್ನು ಒಂದು ಖಾಸಗಿ ಸಂಸ್ಥೆಯ ತಂತ್ರಾಂಶದಲ್ಲಿ, ಅವರದೇ ಕನ್ನಡ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಲಾಗಿತ್ತು. ನಿವೃತ್ತ ಉಪಾಧ್ಯಾಯರೊಬ್ಬರು ಹಲವು ವರ್ಷ ಸಂಜೆಯ ಹೊತ್ತು ಕುಳಿತು ಒಂದೊಂದು ಗ್ರಂಥದ ಆದ್ಯಂತಗಳನ್ನು ಪರಿಶೀಲಿಸಿ ನಮೂದಿಸಿದ್ದರು. ಆ ಸಂಸ್ಥೆ ಮುಚ್ಚಿತು. ಯಂತ್ರ ಬದಲಾಯಿಸಿದಾಗ ತಂತ್ರಾಂಶ ತೆರೆಯಲಿಲ್ಲ. ಕಡತವನ್ನು ಬೇರೆಡೆ ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಅಸಂಬದ್ಧ ಸಾಲುಗಳು. 1990ರ ದಶಕದಲ್ಲಿ ಕನ್ನಡ ಮುದ್ರಣದ ಕೆಲಸ ಮಾಡಿದವರಿಗೆಲ್ಲ ಈ ಸಂಕಟದ ಪರಿಚಯವಿದೆ. ಒಬ್ಬೊಬ್ಬ ವ್ಯಾಪಾರಿಯೂ ಕನ್ನಡ ಅಕ್ಷರಗಳಿಗೆ ತನ್ನದೇ ಗುಪ್ತ ಸಂಖ್ಯೆಗಳನ್ನು ಕೊಟ್ಟುಕೊಂಡಿದ್ದನು. ಎಲ್ಲರಿಗೂ ಒಂದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತು, ಆದರೆ ಅದು ನಮ್ಮ ಅಚ್ಚುಕೂಟಗಳ ಬಳಕೆಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದವು. ಆ ಉಪಾಧ್ಯಾಯರು ಇಂದು ಇಲ್ಲ. ಅವರ ಶ್ರಮವನ್ನು ತೆರೆಯುವ ಬೀಗದ ಕೈ ಮುಚ್ಚಿಹೋದ ಕಚೇರಿಯಲ್ಲಿ ಉಳಿಯಿತು. ಕೆಟ್ಟಾಗ ಕೇಳಲು ಧಣಿಯಿರುತ್ತಾನೆಂಬ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ಅವರ ಸುಂದರವಾದ ಕೈಬರಹದ ಕರಡು ಚೀಟಿಗಳು. ಅವುಗಳಲ್ಲಿ ಕೆಲವನ್ನು ಯಾರೋ ಎತ್ತಿಟ್ಟಿದ್ದರು, ಇಂದಿಗೂ ಓದಲು ಬರುತ್ತವೆ.

ಬೀಗವನ್ನು ನಾವು ಕಾಣದವರೇನಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಗಿ, ದಶಕಗಳ ಬಳಿಕ 1939ರಲ್ಲಿ ಪಂಡಿತ ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಕಾಪಾಡಿದವರನ್ನು ನಾನು ಹಳಿಯಲಾರೆ, ಅವರಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೆ ಅವರು ಹಾಕಿದ ಬೀಗ ಪೂಜ್ಯಭಾವದ ಬೀಗ, ಅದರ ಕೈ ಅವರದೇ ಉಡಿಯಲ್ಲಿತ್ತು. ನಾವು ಇಂದು ಅದೇ ಪರಂಪರೆಯ ಗ್ರಂಥಗಳ ಛಾಯಾಪ್ರತಿಗಳನ್ನು ಅಪರಿಚಿತ ಕಂಪನಿಯ ಬೀಗದೊಳಗೆ ನಾವೇ ಇಟ್ಟು, ಕೈಯನ್ನು ಅವರಿಗೆ ಕೊಟ್ಟು, ವರ್ಷಂಪ್ರತಿ ಬಾಡಿಗೆಯನ್ನೂ ಕಟ್ಟುತ್ತಿದ್ದೇವೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರನ್ನು ಪ್ರತಿ ಸಮಾರಂಭದಲ್ಲಿ ಎತ್ತುವವರೂ ನಾವೇ.

ಇದು ಸಂಸ್ಥೆಗಳ ಮಾತಾಯಿತು. ಮನೆಗಳಲ್ಲಿ ನಡೆಯುತ್ತಿರುವುದು ಇನ್ನೂ ಸೂಕ್ಷ್ಮ. ಪರಸ್ಪರ ಸಂಭಾಷಣೆ, ಮಕ್ಕಳ ಭಾವಚಿತ್ರ, ಮದುವೆ-ಮುಂಜಿಯ ಕರೆ, ಮುನಿಸಂಘದ ವಿಹಾರದ ಸುದ್ದಿ, ಎಲ್ಲವೂ ಇಂದು ಕೆಲವೇ ಕಂಪನಿಗಳ ಅಂಗಳದಲ್ಲಿ ನಡೆಯುತ್ತವೆ. ಇಲ್ಲಿ ನಮ್ಮ ಹಿರಿಯರು ಪುಕ್ಕಟೆಯ ಬಗ್ಗೆ ಸಂಶಯ ಪಡುವುದೇ ಇಲ್ಲ! ವಾಟ್ಸಾಪನ್ನು 2014ರಲ್ಲಿ ಫೇಸ್‌ಬುಕ್ ಕಂಪನಿಯು ಸುಮಾರು 19 ಶತಕೋಟಿ ಡಾಲರುಗಳಿಗೆ ಕೊಳ್ಳಲು ಒಪ್ಪಿದಾಗ ಅದರ ಬೆಲೆ ಏನಾಗಿತ್ತು? ಕಟ್ಟಡವಲ್ಲ, ಯಂತ್ರವಲ್ಲ, ಅಲ್ಲಿ ನೆರೆದಿದ್ದ ಜನರು. ಅಂಗಳ ಮುಚ್ಚಿದರೆ ಜನರು ಚದುರುತ್ತಾರೆ. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲಿಯೇ ಮಾತನಾಡಿದ 'ಕೂ' 2024ರಲ್ಲಿ ನಿಂತುಹೋದಾಗ ಅಲ್ಲಿ ಬರೆದ ಕನ್ನಡಿಗರ ಮಾತುಗಳೂ ಅದರೊಡನೆ ಹೋದವು. ಟ್ವಿಟರನ್ನು 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ 44 ಶತಕೋಟಿ ಡಾಲರುಗಳಿಗೆ ಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ, ಬೇರೆ ಜಾಲತಾಣಗಳಲ್ಲಿರುವ ತನ್ನ ವಿಳಾಸವನ್ನು ಅಲ್ಲಿ ಬರೆಯುವುದನ್ನೇ ನಿಷೇಧಿಸುವ ನಿಯಮವೊಂದು ಹೊರಟಿತು. ಪ್ರತಿಭಟನೆಯಿಂದಾಗಿ ಬೇಗನೆ ಹಿಂತೆಗೆದರು, ನಿಜ. ಆದರೆ ಮನೆ ಬದಲಿಸುವವನು ಹೊಸ ವಿಳಾಸವನ್ನು ನೆರೆಯವರಿಗೆ ಹೇಳಿಹೋಗುವುದೂ ಅಪರಾಧವಾಗಬಲ್ಲದೆಂಬುದು ಅಂದು ತಿಳಿಯಿತು.

ಬೇರೆ ದಾರಿಯಿದೆ, ಅದು ಹೊಸದೂ ಅಲ್ಲ. ಅಂಚೆಯನ್ನು ನೋಡಿರಿ. ಮೈಸೂರಿನಿಂದ ಬರೆದ ಕಾಗದ ಲಂಡನ್ನಿಗೆ ತಲುಪಲು ಎರಡೂ ಊರು ಒಬ್ಬನೇ ಅಂಚೆಯವನ ಆಳ್ವಿಕೆಯಲ್ಲಿರಬೇಕಿಲ್ಲ. ಅಂಚೆ ಇಲಾಖೆಗಳು ಒಂದು ನಿಯಮಕ್ಕೆ ಒಪ್ಪಿಕೊಂಡಿದ್ದರೆ ಸಾಕು. ವಿದ್ಯುನ್ಮಾನ ಅಂಚೆಯೂ ಹೀಗೆಯೇ ನಡೆಯುತ್ತಿದೆ. ಇದೇ ನ್ಯಾಯವನ್ನು ಸಾಮಾಜಿಕ ಜಾಲಕ್ಕೆ ಅನ್ವಯಿಸಿ ಜರ್ಮನಿಯ ತರುಣ ಯೂಜೆನ್ ರೋಚ್ಕೊ 2016ರಲ್ಲಿ ಮಾಸ್ಟೊಡಾನ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದರು. ಇಂತಹ ಜಾಲಗಳು ತಮ್ಮತಮ್ಮಲ್ಲಿ ಮಾತನಾಡಲು ಬೇಕಾದ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆ 2018ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟದ ಮನ್ನಣೆ ಪಡೆಯಿತು. ಒಂದು ಸಂಘ ತನ್ನದೇ ಸರ್ವರ್ ಇಟ್ಟುಕೊಂಡು, ಅಲ್ಲಿಗೆ ತನ್ನದೇ ಶಿಷ್ಟಾಚಾರ ಗೊತ್ತುಮಾಡಿಕೊಂಡು, ಹೊರಗಿನ ಸಾವಿರಾರು ಸರ್ವರುಗಳ ಜನರೊಡನೆ ಸಂಪರ್ಕದಲ್ಲಿರಬಹುದು. ಜಾಹೀರಾತಿಗಾಗಿ ನಮ್ಮ ಕೋಪವನ್ನು ಕೆರಳಿಸಿ ಕಾಸು ಮಾಡುವ ಯಂತ್ರ ಅಲ್ಲಿಲ್ಲ. ಸರಿಬೀಳದಿದ್ದರೆ ಬೇರೆ ಸರ್ವರಿಗೆ ಹೋಗಬಹುದು, ಅನುಸರಿಸುವವರೂ ಜೊತೆಗೇ ಬರುತ್ತಾರೆ. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ; ಇದೊಂದು ಕೊರತೆ. ಸರ್ವರ್ ನೋಡಿಕೊಳ್ಳುವವನು ದಣಿದು ಮುಚ್ಚಿಬಿಡುವುದೂ ಉಂಟು. ಅಲ್ಲಿ ಜನ ಕಡಮೆ, ನಮ್ಮ ಬಂಧುಬಳಗ ಅಲ್ಲಿಲ್ಲ ಎಂಬ ಆಕ್ಷೇಪಣೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಬಂಧುಬಳಗವೇ ಮೊದಲು ಹೋಗಲೆಂದು ಎಲ್ಲರೂ ಕಾದರೆ ಯಾರೂ ಹೋಗುವುದಿಲ್ಲವೆಂದಷ್ಟೇ ಹೇಳಬಲ್ಲೆ.

ನನ್ನ ಸಹೋದ್ಯೋಗಿಗಳನ್ನೂ ಬಿಡುವಂತಿಲ್ಲ. ಮುಕ್ತ ತಂತ್ರಾಂಶವೆಂದರೆ ದೋಷಮುಕ್ತವೆಂದು ಬೀಗುವವರನ್ನು ಕಂಡಿದ್ದೇನೆ. 2014ರಲ್ಲಿ, ಜಾಲದ ಗುಟ್ಟನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಘೋರ ದೋಷ ಬಯಲಾದಾಗ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನರೆಂದೂ ಅದರಿಂದ ಲಾಭ ಪಡೆದ ದೊಡ್ಡ ಕಂಪನಿಗಳು ಅವರಿಗೆ ಹೆಚ್ಚೇನೂ ಕೊಟ್ಟಿರಲಿಲ್ಲವೆಂದೂ ಲೋಕಕ್ಕೆ ತಿಳಿಯಿತು. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಜಡ್ ಪ್ರಕರಣ ಇನ್ನೂ ವಿಷಾದದ್ದು. ಒಬ್ಬನೇ ಸ್ವಯಂಸೇವಕ ಹೊತ್ತಿದ್ದ ಹೊರೆಗೆ ಹೆಗಲು ಕೊಡುವ ನೆಪದಲ್ಲಿ ಯಾರೋ ಮುಸುಕುಧಾರಿ ಎರಡು ವರ್ಷಕ್ಕೂ ಮಿಗಿಲಾಗಿ ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲು ಇಟ್ಟನು. ದೂರದ ಯಂತ್ರವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾದುದೇಕೆಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಕ್ರಮವಿಧಿಕಾರರು ಕುತೂಹಲದಿಂದ ಅಗೆದು ನೋಡಿದ್ದರಿಂದ ಅನಾಹುತ ತಪ್ಪಿತು. ಮೂಲಸಂಕೇತ ತೆರೆದಿದ್ದುದರಿಂದಲೇ ಅವರು ಅಗೆಯಬಹುದಾಯಿತೆಂಬುದು ನನ್ನ ವಾದಕ್ಕೆ ಬಲ. ಆದರೆ ಆ ಒಂಟಿ ಸ್ವಯಂಸೇವಕನ ದಣಿವಿಗೆ, ಪಡೆದು ಸುಮ್ಮನಿದ್ದ ನಾವೆಲ್ಲರೂ ಕಾರಣರು. ಆದುದರಿಂದ ಟ್ರಸ್ಟುಗಳು ಮುಕ್ತ ತಂತ್ರಾಂಶ ಬಳಸಿ ಹಣ ಉಳಿಸಲಿ ಎಂದು ನಾನು ಹೇಳುವುದೇ ಇಲ್ಲ. ಧಣಿಗೆ ಕೊಡುತ್ತಿದ್ದುದರಲ್ಲಿ ಒಂದು ಪಾಲು ಇಂತಹವರಿಗೆ ಹೋಗಲಿ, ಇನ್ನೊಂದು ಪಾಲು ನಮ್ಮ ಊರಿನ ಯುವಕನೊಬ್ಬನು ಇದನ್ನು ಕಲಿತು ನಡೆಸಲು ಸಂಬಳವಾಗಲಿ. ಹಿರಿಯರು ಕೇಳಿದ 'ಕೆಟ್ಟಾಗ ಯಾರು' ಎಂಬ ಪ್ರಶ್ನೆಗೆ ಅವನೇ ಉತ್ತರ.

ಓದುಗರಲ್ಲಿ ಕೆಲವರು ಇದಕ್ಕಿಂತ ಆಳವಾದ ಪ್ರಶ್ನೆಯೊಂದನ್ನು ಎತ್ತಬಹುದು: ಯಾರಾದರೂ ಯಾವ ಉದ್ದೇಶಕ್ಕಾದರೂ ಬಳಸಬಹುದೆಂದರೆ ಶಸ್ತ್ರ ಮಾಡುವವನೂ ಬಳಸುವನಲ್ಲವೇ? ಬಳಸುವನು, ಬಳಸುತ್ತಲೂ ಇದ್ದಾನೆ. ಡಗ್ಲಸ್ ಕ್ರಾಕ್‌ಫರ್ಡ್ ಎಂಬವರು ತಮ್ಮ ಪರವಾನಗಿಯಲ್ಲಿ ಒಳಿತಿಗಲ್ಲದೆ ಕೆಡುಕಿಗೆ ಬಳಸಬಾರದೆಂದು ಬರೆದರು. ಯಾವುದು ಕೆಡುಕೆಂದು ಗೊತ್ತುಮಾಡುವವರಾರು ಎಂದು ಕೇಳಿ ಮುಕ್ತ ತಂತ್ರಾಂಶದವರೇ ಅದನ್ನು ಒಪ್ಪಲಿಲ್ಲ. ವಿಚಾರ ಮಾಡಿದಂತೆಲ್ಲ ನನಗೆ ಈ ಪ್ರಶ್ನೆ ಬಿಡಿಸಿಲ್ಲ. ಬರೆದವನ ಕೈಯಲ್ಲಿ ನಿಷೇಧದ ಅಧಿಕಾರ ಉಳಿದರೆ ಅವನು ಮತ್ತೆ ಧಣಿಯಾಗುತ್ತಾನೆ, ಬಿಟ್ಟುಕೊಟ್ಟರೆ ಹಿಂಸೆಯ ಒಂದು ಎಳೆ ಅವನ ಕೈಯಿಂದಲೂ ಹಾದುಹೋಗುತ್ತದೆ. ನಾನು ಬರೆದದ್ದನ್ನು ಮುಕ್ತವಾಗಿಯೇ ಕೊಡುತ್ತಾ ಬಂದಿದ್ದೇನೆ, ನಿಶ್ಚಿಂತನಾಗಿ ಅಲ್ಲ.

ಈ ಲೇಖನದ ಕರಡನ್ನು ಆ ಹಿರಿಯರಿಗೇ ಮೊದಲು ತೋರಿಸಿದೆ. ಕನ್ನಡಕ ತೆಗೆದಿಟ್ಟು, "ನೀನು ಇಷ್ಟೆಲ್ಲ ಬರೆಯುವ ಬದಲು ಏನು ಕೇಳಬೇಕೆಂದು ಹೇಳು" ಎಂದರು. ಹೇಳಿದೆ: ನಮ್ಮ ಓಲೆಗಳ ಛಾಯಾಪ್ರತಿಗಳೂ ಪಟ್ಟಿಯೂ ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತವೆ? ಆ ರೂಪವನ್ನು ನಿಮ್ಮ ತಂತ್ರಾಂಶವಿಲ್ಲದೆ ಬೇರೆಯವರು ತೆರೆಯಬಲ್ಲರೇ? ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ ಮರುದಿನ ಏನು ಉಳಿಯುತ್ತದೆ? ಆಹ್ವಾನಪತ್ರಿಕೆಯೊಂದರ ಹಿಂಬದಿಯಲ್ಲಿ ಅವರು ಮೂರನ್ನೂ ಬರೆದುಕೊಂಡು, ಒಪ್ಪಂದಕ್ಕೆ ರುಜು ಹಾಕಬೇಕಾಗಿದ್ದ ಸಭೆಯನ್ನು ಶ್ರುತಪಂಚಮಿಯ ಬಳಿಕಕ್ಕೆ ಮುಂದೂಡಿಸಿದ್ದಾರೆ.